ಮಕ್ಕಳ ಕೈಗೆ ಹಳೆಯ ಪಿಕಪ್: ಒಳಗಿನ ದೋಷಕ್ಕೆ ರಿಪೇರಿಯೋ, ತೇಪೆಯೋ, ಮಾರಾಟವೋ?

ಹದಿನೇಳೋ ಹದಿನೆಂಟೋ ವಯಸ್ಸಿನ ಮಗನಿಗೆ ಅಥವಾ ಮಗಳಿಗೆ ಅಂತ ತಂದ ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ಕಿನಲ್ಲಿ ದೋಷ ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ, ಇದ್ದೇ ಇರುತ್ತದೆ. ಪಿಕಪ್ಪು ಹೊರೆ ಹೊತ್ತ, ಟ್ರೇಲರ್ ಎಳೆದ, ಕೆಸರಿಗೆ ಇಳಿದ ಗಾಡಿ. ಅಷ್ಟೇ ಕಿಲೋಮೀಟರ್ ಓಡಿದ ಕಾರಿಗಿಂತ ಅದರ ಗೇರ್‌ಬಾಕ್ಸು, ಹಿಂದಿನ ಆಕ್ಸಲ್, ಚಾಸಿಸ್ ಹೆಚ್ಚು ದಣಿದಿರುತ್ತವೆ, ಮೀಟರ್ ಅದನ್ನು ತೋರಿಸುವುದಿಲ್ಲ. ದೋಷ ಹೊರಬಿದ್ದ ಮೇಲೆ ಇರುವ ದಾರಿ ನಾಲ್ಕೇ: ಪೂರ್ತಿ ರಿಪೇರಿ, ಸದ್ಯಕ್ಕೆ ತೇಪೆ, ಕಣ್ಣಿಟ್ಟು ಹಾಗೇ ಓಡಿಸುವುದು, ಗಾಡಿಯನ್ನೇ ಕೈಬಿಡುವುದು.

ಹೆಚ್ಚಿನವರು ಗ್ಯಾರೇಜಿನವರು ಹೇಳಿದ ಖರ್ಚು ನೋಡಿ ಇವುಗಳಲ್ಲಿ ಒಂದನ್ನು ಆರಿಸುತ್ತಾರೆ. ಇಪ್ಪತ್ತು ವರ್ಷ ಗಾಡಿ ಓಡಿಸಿದವರಿಗೆ ಅದು ನಡೆದೀತು. ಹೊಸಬರಿಗೆ ನಡೆಯದು, ಏಕೆಂದರೆ ಅವರ ಕಿವಿಗೆ ಇನ್ನೂ ಗಾಡಿಯ ಸದ್ದು ಪಳಗಿಲ್ಲ. ಜೊತೆಗೆ ಹಾಡು ಬೇರೆ ಹಾಕಿಕೊಂಡಿರುತ್ತಾರೆ. ಆದ್ದರಿಂದ ಖರ್ಚಿಗಿಂತ ಮೊದಲು ಕೇಳಬೇಕಾದದ್ದು: ಈ ಭಾಗ ಹೇಳಿ ಕೆಡುತ್ತದೋ, ಹೇಳದೆ ಕೆಡುತ್ತದೋ? ಗೇರ್‌ಬಾಕ್ಸು ವಾರಗಟ್ಟಲೆ ಜಾರಿ, ತಡವರಿಸಿ, ಆಮೇಲೆ ಕೈಕೊಡುತ್ತದೆ. ತುಕ್ಕು ತಿಂದ ಬ್ರೇಕ್ ಪೈಪು ಒಂದೇ ತುಳಿತಕ್ಕೆ ಒಡೆಯುತ್ತದೆ. ಮೊದಲನೆಯದು ದುಬಾರಿ, ಎರಡನೆಯದು ಅಗ್ಗ. ಆದರೂ ಮೊದಲು ದುಡ್ಡು ಹೋಗಬೇಕಾದದ್ದು ಎರಡನೆಯದಕ್ಕೆ.

ಪತ್ತೆ ಮಾಡುವುದು: ಮನೆಯಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು

ಅಗ್ಗದ ಓಬಿಡಿ ಸ್ಕ್ಯಾನರ್ ಒಂದು ಮನೆಯಲ್ಲಿರಲಿ. ಗಾಡಿಯ ಸಾಕೆಟ್ಟಿಗೆ ಚುಚ್ಚಿದರೆ ಅದರ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಕೇತಗಳನ್ನು (ಕೋಡ್) ಓದಿಕೊಡುವ ಸಾಧನ ಇದು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ, ಯುರೋಪಿನಲ್ಲಿ ಪೆಟ್ರೋಲ್ ಗಾಡಿಗಳಿಗೆ 2001ರಿಂದ, ಡೀಸೆಲ್ ಕಾರುಗಳಿಗೆ 2004ರಿಂದ ಈ ಸಾಕೆಟ್ ಕಡ್ಡಾಯವಾಗಿದೆ. ಕೋಡ್ ಇಲ್ಲ ಎಂದ ಕೂಡಲೇ ಗಾಡಿ ಚೆನ್ನಾಗಿದೆ ಎಂದುಕೊಳ್ಳಬೇಡಿ. ನೋಡಬೇಕಾದದ್ದು ರೆಡಿನೆಸ್ ಮಾನಿಟರ್‌ಗಳನ್ನು, ಅಂದರೆ ಗಾಡಿ ತನ್ನ ಸ್ವಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ಪಟ್ಟಿಯನ್ನು. ಅರ್ಧಕ್ಕರ್ಧ "ನಾಟ್ ರೆಡಿ" ಅಂತ ತೋರಿಸಿದರೆ, ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಒಂದು ವಾರ ಓಡಿಸಿ ಮತ್ತೆ ನೋಡಿದರೆ ಅಡಗಿದ್ದ ಕೋಡ್ ತಾನಾಗಿ ಮೇಲೆ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚಿಸಿ-ತಗ್ಗಿಸಿ ಹೊಂದಿಸುತ್ತಿದೆ ಎಂಬ ಅಂಕಿ) +10 ಶೇಕಡ ಮೀರಿ ನಿಂತಿದ್ದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ, ಇಲ್ಲವೇ ಇಂಧನದ ಒತ್ತಡ ಸಾಲುತ್ತಿಲ್ಲ.

ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್, ಎಬಿಎಸ್, ಚೆಕ್ ಎಂಜಿನ್, ಆಯಿಲ್ ದೀಪಗಳೆಲ್ಲ ಹೊತ್ತಿಕೊಳ್ಳಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಒಂದು ದೀಪ ಹೊತ್ತಿಕೊಳ್ಳಲೇ ಇಲ್ಲವೆಂದರೆ ಬಲ್ಬು ಕಿತ್ತಿರಬಹುದು. ಏರ್‌ಬ್ಯಾಗ್ ದೀಪವೇ ಹಾಗಿದ್ದರೆ ಗಾಡಿ ಹಿಂದೆ ಡಿಕ್ಕಿಯಾಗಿ ಬ್ಯಾಗ್ ಒಡೆದಿದ್ದು, ಹೊಸದು ಹಾಕದೆ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಗಟ್ಟಿ. ಅದೇ ಹೊತ್ತಿಗೆ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆಯನ್ನು ತಯಾರಕರ ರೀಕಾಲ್ ಪಟ್ಟಿಯಲ್ಲಿ (ದೋಷ ಕಂಡು ತಯಾರಕರೇ ವಾಪಸ್ ಕರೆಸಿದ ಗಾಡಿಗಳ ಪಟ್ಟಿ) ಹಾಕಿ ನೋಡಿ. ಟಕಾಟಾ ಎಂಬ ಕಂಪನಿಯ ಏರ್‌ಬ್ಯಾಗಿನ ರೀಕಾಲ್ ಕೋಟಿಗಟ್ಟಲೆ ಗಾಡಿಗಳನ್ನು ಮುಟ್ಟಿತು. ಅದರಲ್ಲಿ ಹಳೆಯ ಫೋರ್ಡ್ ರೇಂಜರ್‌ನಂಥ ಪಿಕಪ್ಪುಗಳೂ ಇದ್ದವು. ರೀಕಾಲ್ ಬಾಕಿಯಿದ್ದರೆ ಅದೊಂದೇ ಬಿಟ್ಟಿ ರಿಪೇರಿ.

ಮನೆಯಲ್ಲಿ ಆಗದ ಕೆಲಸ ಲಿಫ್ಟಿನ ಮೇಲಿನದು. ಚಾಸಿಸ್, ಬ್ರೇಕ್ ಪೈಪು, ಬಾಲ್ ಜಾಯಿಂಟ್ (ಮುಂದಿನ ಚಕ್ರವನ್ನು ಸಸ್ಪೆನ್ಷನ್ನಿಗೆ ಹಿಡಿದಿಡುವ ಗುಂಡು ಕೀಲು), ಹಿಂದಿನ ಆಕ್ಸಲ್ ಇವನ್ನು ನೆಲದಲ್ಲಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಗಾಡಿ ಮಾರಿದವರ ಪರಿಚಯದ ಗ್ಯಾರೇಜು ಬೇಡ. ರಿಪೇರಿಯ ಮಾತೆತ್ತದೆ, ಪರೀಕ್ಷೆಗೆ ಮಾತ್ರ ಒಂದು ಗಂಟೆಯ ಕೂಲಿ ಕೊಡುತ್ತೇವೆ ಎಂದು ಹೇಳಿ ಒಯ್ಯಿರಿ. ಆಗ ಪಟ್ಟಿ ಉಬ್ಬುವುದಿಲ್ಲ. ಗೇರ್‌ಬಾಕ್ಸಿನ ದೋಷ ಎಂದು ಸಾಮಾನ್ಯ ಗ್ಯಾರೇಜು ಹೇಳಿದರೆ, ಬಿಚ್ಚಿಸುವ ಮೊದಲು ಗೇರ್‌ಬಾಕ್ಸನ್ನೇ ಕಸುಬಾಗಿ ಮಾಡುವವರಿಗೆ ತೋರಿಸಿ. ಎಷ್ಟೋ ಸಲ ಅದು ಒಂದು ಸೊಲಿನಾಯ್ಡ್ (ಒಳಗಿನ ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್) ಅಥವಾ ವೈರಿನ ದೋಷವಾಗಿರುತ್ತದೆ.

ಹೋಲಿಕೆಯೇ ಬೇಡದವು

ಬ್ರೇಕು, ಸ್ಟಿಯರಿಂಗ್, ಬಾಲ್ ಜಾಯಿಂಟ್, ಟೈರು. ಇವಕ್ಕೆ ತೇಪೆಯೂ ಇಲ್ಲ, "ನೋಡೋಣ" ಎಂಬುದೂ ಇಲ್ಲ.

ಎಂಜಿನ್ ಓಡುತ್ತಿರುವಾಗ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ 30 ಸೆಕೆಂಡ್ ಹಿಡಿಯಿರಿ. ನಿಧಾನಕ್ಕೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಒಳಗೇ ಸೋರುತ್ತಿದೆ, ಅಥವಾ ಹೊರಗೆಲ್ಲೋ ಲೀಕ್ ಇದೆ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕುಸಿಯಬೇಕು. ಕುಸಿಯದಿದ್ದರೆ ಕಾಲಿನ ಒತ್ತಡ ಹೆಚ್ಚಿಸಿಕೊಡುವ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಪ್ಯಾಡ್ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಹೊಸದು ಬೇಕು. ಹಳೆಯ ಗಾಡಿ ಕೈಗೆ ಬಂದ ದಿನವೇ ಬದಲಿಸಿದರೆ ಲೆಕ್ಕ ಸುಲಭ.

ಪಿಕಪ್ಪಿಗೇ ವಿಶೇಷವಾದ ಎರಡು ಕಳ್ಳ ದೋಷಗಳಿವೆ. ಹಿಂದಿನ ಆಕ್ಸಲ್ ಸೀಲು ಹೋಗಿ ಗೇರ್ ಆಯಿಲ್ ಡ್ರಮ್ಮಿನೊಳಗೆ ಸೋರಿ ಬ್ರೇಕ್ ಶೂ ನೆನೆಯುವುದು ಒಂದು. ಹೊರಗೆ ಏನೂ ಕಾಣುವುದಿಲ್ಲ, ಡ್ರಮ್ ಬಿಚ್ಚಿದಾಗಲೇ ತಿಳಿಯುತ್ತದೆ. ಎಣ್ಣೆ ಕುಡಿದ ಶೂ ತೊಳೆದರೆ ಸರಿಹೋಗದು, ಸೀಲು ಮತ್ತು ಶೂ ಎರಡೂ ಹೊಸದಾಗಬೇಕು. ಇನ್ನೊಂದು, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್. ಅನೇಕ ಮಾಡೆಲ್‌ಗಳಲ್ಲಿ ಇದನ್ನು ಆಕ್ಸಲ್‌ಗೆ ಒಂದು ಕಡ್ಡಿಯಿಂದ ಜೋಡಿಸಿರುತ್ತಾರೆ. ಕಡ್ಡಿ ತುಕ್ಕಿಗೆ ಕಚ್ಚಿಕೊಂಡರೆ ಖಾಲಿ ಗಾಡಿಯ ಹಿಂದಿನ ಚಕ್ರ ಬೇಗ ಲಾಕ್ ಆಗಬಹುದು. ಮಳೆಯಲ್ಲಿ ಬಾಲ ತಿರುಗುವುದು ಹೀಗೆಯೇ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ.

ಬಾಲ್ ಜಾಯಿಂಟ್ ನೋಡುವ ಕ್ರಮದಲ್ಲಿ ಬಹಳ ಜನ ತಪ್ಪುವುದು ಜ್ಯಾಕ್ ಇಡುವ ಜಾಗದಲ್ಲಿ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಚಕ್ರವನ್ನು ಚಾಸಿಸ್ಸಿಗೆ ಜೋಡಿಸುವ ಕೆಳಗಿನ ಆರ್ಮಿನ ಮೇಲೆ ಕೂತಿದ್ದರೆ ಜ್ಯಾಕನ್ನು ಅದೇ ಆರ್ಮಿನ ಅಡಿಗೆ, ಜಾಯಿಂಟಿಗೆ ಹತ್ತಿರ ಇಡಬೇಕು. ಚಾಸಿಸ್ಸಿಗೆ ಇಟ್ಟು ಎತ್ತಿದರೆ ಸ್ಪ್ರಿಂಗಿನ ಒತ್ತಡ ಜಾಯಿಂಟನ್ನು ಬಿಗಿಯಾಗಿ ಹಿಡಿದಿರುತ್ತದೆ, ಸವೆತ ಅಡಗುತ್ತದೆ. ಆಮೇಲೆ ಟೈರಿನಡಿ ಹಾರೆ ಕೊಟ್ಟು ಮೀಟಿದಾಗ ಮೇಲೆ-ಕೆಳಗೆ ಆಟ ಕಂಡರೆ ಜಾಯಿಂಟ್ ಮುಗಿದಿದೆ. ಟೈರನ್ನು ಎಡ-ಬಲದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಸ್ಟಿಯರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಕಡೆ ನೋಡಿ. ಕೆಳಗಿನ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಆ ಕ್ಷಣದಲ್ಲಿ ಸ್ಟಿಯರಿಂಗ್ ಯಾರ ಕೈಯಲ್ಲಿದ್ದರೂ ಮಾಡುವುದೇನೂ ಉಳಿದಿರುವುದಿಲ್ಲ. ಎತ್ತಿದ ಗಾಡಿಯಡಿ ತಲೆ ಹಾಕುವ ಮುನ್ನ ಚಾಸಿಸ್ಸಿಗೆ ಸ್ಟ್ಯಾಂಡ್ ಕೊಡಿ. ಜ್ಯಾಕ್ ಒಂದನ್ನೇ ನಂಬಬಾರದು.

ಟೈರಿನ ಪಕ್ಕೆಯಲ್ಲಿ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿಯೇ ಹುಟ್ಟಿದ ದಿನ: 2316 ಎಂದರೆ 2016ರ 23ನೇ ವಾರ. ಹಲ್ಲು ದಪ್ಪಗಿದ್ದರೂ ಹತ್ತು ವರ್ಷ ದಾಟಿದ ಟೈರು ಬೇಡ. ಸ್ಟೆಪ್ನಿಯದೂ ನೋಡಿ.

ಎಂಜಿನ್ ಬಿಸಿಯಾಗುತ್ತಿದೆ, ಕೂಲಂಟ್ ಕಡಿಮೆಯಾಗುತ್ತಿದೆ

ಇಲ್ಲಿ ಆಯ್ಕೆಗಳು ನಿಜವಾಗಿಯೂ ಬೇರೆ ಬೇರೆ, ಹಾಗಾಗಿ ತಾಳ್ಮೆ ಬೇಕು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಎಂಬ ಹೆಸರು ಕೇಳಿ ಹೆದರುವ ಮೊದಲು ಅಗ್ಗದ ಕಾರಣಗಳನ್ನು ಕಳೆಯಿರಿ: ರೇಡಿಯೇಟರ್ ಮುಚ್ಚಳ, ಥರ್ಮೋಸ್ಟ್ಯಾಟ್, ಫ್ಯಾನ್ ಕ್ಲಚ್, ನೀರಿನ ಪಂಪು. ತಣ್ಣಗಿರುವ ಎಂಜಿನ್ನಿಗೆ ಪ್ರೆಶರ್ ಟೆಸ್ಟರ್ ಹಾಕಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡಿ. ಮುಳ್ಳು ಇಳಿದೂ ಹೊರಗೆ ಹನಿ ಕಾಣದಿದ್ದರೆ ಸೋರಿಕೆ ಒಳಗೇ, ಅಥವಾ ಕ್ಯಾಬಿನ್ನಿನ ಹೀಟರಿನಲ್ಲಿ.

ಆಮೇಲೆ ಬ್ಲಾಕ್ ಟೆಸ್ಟ್. ರೇಡಿಯೇಟರಿನಿಂದ ಸ್ವಲ್ಪ ಕೂಲಂಟ್ ತೆಗೆದು ಮಟ್ಟ ತಗ್ಗಿಸಿ, ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹೀರಿಸಿದಾಗ ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಹಳದಿಗೆ ತಿರುಗಿದರೆ ಉರಿದ ಹೊಗೆ ಕೂಲಂಟಿಗೆ ಸೇರುತ್ತಿದೆ ಎಂದರ್ಥ. ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆಯಲ್ಲಿ ಅತಿ ಕಡಿಮೆಯದು ಅತಿ ಹೆಚ್ಚಿನದರ 75 ಶೇಕಡಕ್ಕಿಂತ ಕೆಳಗಿದ್ದರೆ ದೋಷ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿದೆ. ಒಂದೇ ಸಿಲಿಂಡರ್ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಮಾತ್ರ ಬಿಳಿ ಕೆನೆ ಕಂಡರೆ ಗಾಬರಿ ಬೇಡ, ಚಳಿಗಾಲದಲ್ಲಿ ಸಣ್ಣ ಸಣ್ಣ ಓಡಾಟಕ್ಕೆ ತೇವ ಹಾಗೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನಲ್ಲೇ ಹಾಲು ಬಣ್ಣ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಈಗ ಹೋಲಿಕೆ. ಬಾಟಲಿಯಲ್ಲಿ ಸಿಗುವ ಸೀಲರ್ ಅತಿ ಅಗ್ಗ. ಸಣ್ಣ ಸೋರಿಕೆಯನ್ನು ಕೆಲವು ವಾರವೋ ತಿಂಗಳೋ ತಡೆಯಲೂಬಹುದು. ಆದರೆ ಅದು ಹೀಟರಿನ ಕೊಳವೆ, ರೇಡಿಯೇಟರಿನ ಸಣ್ಣ ದಾರಿ ಎಲ್ಲವನ್ನೂ ಕಟ್ಟುತ್ತದೆ, ಮುಂದೆ ಸರಿಯಾದ ರಿಪೇರಿ ಮಾಡಿಸುವಾಗ ಅವನ್ನೂ ಬದಲಿಸಬೇಕು. ಅದೂ ಅಲ್ಲದೆ ಸೀಲರ್ ಬಿಟ್ಟುಕೊಟ್ಟ ದಿನ ಟೆಂಪರೇಚರ್ ಮುಳ್ಳನ್ನು ನೋಡಬೇಕಾದವರು ಯಾರು? ಹೊಸ ಚಾಲಕರ ಗಾಡಿಗೆ ಇದು ಬೇಡವೇ ಬೇಡ.

ಗ್ಯಾಸ್ಕೆಟ್ ಬದಲಿಸುವುದಾದರೆ ಹೆಡ್ ಮೇಲ್ಮೈಯನ್ನು ನೇರಪಟ್ಟಿ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಟ್ಟು ಅಳೆಸಿ. ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಮೀರಿ ಬಾಗಿದ್ದರೆ ಮಷೀನ್ ಶಾಪಿನಲ್ಲಿ ಸಮ ಮಾಡಿಸಬೇಕು. ಸರಿಯಾದ ಮಿತಿ ಆ ಎಂಜಿನ್ನಿನ ಮ್ಯಾನುವಲ್‌ನಲ್ಲಿರುತ್ತದೆ. ಹಿಗ್ಗುವ ಬಗೆಯ ಹೆಡ್ ಬೋಲ್ಟುಗಳಿದ್ದರೆ ಹೊಸವೇ ಆಗಬೇಕು. ಗ್ಯಾಸ್ಕೆಟ್ ಹಾಕಿ ಆರು ತಿಂಗಳಿಗೆ ಮತ್ತೆ ಹೋಯಿತು ಎಂಬ ದೂರಿನ ಹಿಂದೆ ಬಹುಪಾಲು ಈ ಎರಡರಲ್ಲಿ ಒಂದನ್ನು ಬಿಟ್ಟಿರುತ್ತಾರೆ. ವಿ6, ವಿ8 ಎಂಜಿನ್ನಿಗೆ ಹೆಡ್ ಎರಡು, ಕೂಲಿಯೂ ಹಾಗೆಯೇ. ಒಂದು ಕಡೆ ಬಿಚ್ಚಿದಾಗ ಇನ್ನೊಂದನ್ನೂ ಮುಗಿಸಿಬಿಡುವುದು ಲೇಸು.

ಗುಜರಿಯ ಎಂಜಿನ್ ಕೂರಿಸುವುದು ಅರ್ಥಪೂರ್ಣವಾಗುವುದು ಹೆಡ್ ಬಿರುಕುಬಿಟ್ಟಾಗ ಅಥವಾ ಆಯಿಲ್‌ಗೆ ಕೂಲಂಟ್ ಸೇರಿ ಬೇರಿಂಗ್ ಸದ್ದು ಬಂದಾಗ. ತರುವ ಎಂಜಿನ್ನಿನ ಕಂಪ್ರೆಶನ್ ನಿಮ್ಮೆದುರೇ ಅಳೆಯಲಿ. ಕೂರಿಸುವ ಮುನ್ನ, ಅದು ಸ್ಟ್ಯಾಂಡಿನ ಮೇಲಿರುವಾಗಲೇ, ಹಿಂದಿನ ಮೇನ್ ಸೀಲು (ಎಂಜಿನ್ ಹಿಂಬದಿಯಲ್ಲಿ ಆಯಿಲ್ ತಡೆಯುವುದು), ನೀರಿನ ಪಂಪು, ಬೆಲ್ಟ್ ಬದಲಿಸಿ. ಗಾಡಿಯೊಳಗೆ ಕೂತ ಮೇಲೆ ಅದೇ ಸೀಲಿಗೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ವಾಲ್ವುಗಳ ಚಲನೆಯನ್ನು ಪಿಸ್ಟನ್ನಿನ ಜೊತೆ ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಒಂದು ಮಾತು. ಬೆಲ್ಟು ಹೇಳದೆ ಕಡಿಯುವ ಜಾತಿ. ಇಂಟರ್‌ಫಿಯರೆನ್ಸ್ ಎಂಜಿನ್ನಿನಲ್ಲಿ (ವಾಲ್ವ್, ಪಿಸ್ಟನ್ ಎರಡೂ ಒಂದೇ ಜಾಗಕ್ಕೆ ಸರದಿಯಲ್ಲಿ ಬರುವ ಬಗೆ) ಕಡಿದರೆ ಪಿಸ್ಟನ್ನಿಗೆ ವಾಲ್ವ್ ಬಡಿದು ಬಾಗುತ್ತದೆ. ಬದಲಿಸಿದ ಬಿಲ್ಲು ಕೈಯಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಬೆಲ್ಟು, ಟೆನ್ಷನರ್, ಪಂಪು ಒಟ್ಟಿಗೆ ಹಾಕಿಸಿ. ಚೈನ್ ಇರುವ ಎಂಜಿನ್ನು ಮಾತ್ರ ಹೇಳಿಯೇ ಕೆಡುತ್ತದೆ: ಬೆಳಗಿನ ಮೊದಲ ಸ್ಟಾರ್ಟಿಗೆ ಕೆಲವು ಸೆಕೆಂಡ್ ಗರಗರ ಸದ್ದು. ಫೋರ್ಡಿನ 5.4 ಲೀಟರ್, ಸಿಲಿಂಡರಿಗೆ ಮೂರು ವಾಲ್ವಿನ ವಿ8 ಈ ಸದ್ದಿಗೆ ಹೆಸರುವಾಸಿ. ಅದರ ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಸ್ಪಾರ್ಕ್ ಪ್ಲಗ್ಗು ಬಿಚ್ಚುವಾಗಲೇ ತುಂಡಾಗುತ್ತಿತ್ತು, ಆದ್ದರಿಂದ ಆ ಕೆಲಸ ಮಕ್ಕಳಿಗೆ ಕಲಿಸಲು ಆ ಗಾಡಿ ತಕ್ಕದ್ದಲ್ಲ.

ಗೇರ್‌ಬಾಕ್ಸ್: ಆಯಿಲ್ ಬದಲಿಸಿ ನೋಡುವುದೋ, ಬಿಚ್ಚಿಸುವುದೋ

ಆಟೊಮ್ಯಾಟಿಕ್‌ನಲ್ಲಿ ಪಾರ್ಕಿನಿಂದ ಡ್ರೈವ್‌ಗೆ ಹಾಕಿದ ಮೇಲೆ ಹಿಡಿತ ಬರಲು ಎರಡು ಸೆಕೆಂಡಿಗಿಂತ ಹೆಚ್ಚಾದರೆ, ಎಂಜಿನ್ ರೊಂಯ್ಯೆಂದರೂ ವೇಗ ಏರದಿದ್ದರೆ, ಅದು ಜಾರುತ್ತಿದೆ. ಒಂದೇ ವೇಗದಲ್ಲಿ ಹೋಗುವಾಗ ಉಬ್ಬುಪಟ್ಟಿಯ ಮೇಲೆ ಹಾದಂತೆ ನಡುಗಿದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಕಡೆ ಬೆರಳು. ನಡುಕ ಮಾತ್ರವಿದ್ದು ಆಯಿಲ್ ಇನ್ನೂ ಕೆಂಪಾಗಿದ್ದರೆ ಆಯಿಲ್ ಬದಲಾವಣೆ ಮೊದಲ ಆಯ್ಕೆ, ಎಷ್ಟೋ ಗಾಡಿಗಳು ಅಷ್ಟಕ್ಕೇ ಸುಧಾರಿಸುತ್ತವೆ. ಪ್ಯಾನ್ ಬಿಚ್ಚಿದಾಗ ಇಳಿಯುವುದು ಒಟ್ಟು ಆಯಿಲ್‌ನ ಮೂರನೇ ಒಂದರಿಂದ ಅರ್ಧ ಮಾತ್ರ, ಉಳಿದದ್ದು ಕನ್ವರ್ಟರಿನಲ್ಲಿ ನಿಂತಿರುತ್ತದೆ. ಹಾಗಾಗಿ ಕೆಲವು ನೂರು ಕಿ.ಮೀ. ಅಂತರದಲ್ಲಿ ಎರಡು-ಮೂರು ಸಲ ಬದಲಿಸಿ. ತಯಾರಕರು ಹೇಳಿದ ಆಯಿಲ್ಲೇ ಆಗಬೇಕು. ಪ್ಯಾನಿನ ಆಯಸ್ಕಾಂತಕ್ಕೆ ಬೂದು ಅಂಟು ಹತ್ತಿರುವುದು ಸಹಜ. ಹೊಳೆಯುವ ಚೂರು, ಕಪ್ಪು ಪುಡಿ, ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟು ಹೋಗಿವೆ, ಹೊಸ ಆಯಿಲ್‌ಗೆ ಸುರಿಯುವ ದುಡ್ಡು ದಂಡ.

ಆಗ ಉಳಿಯುವುದು ಮೂರು: ನಿಮ್ಮದನ್ನೇ ಬಿಚ್ಚಿ ಕಟ್ಟಿಸುವುದು, ಕಾರ್ಖಾನೆಯಲ್ಲಿ ಮರುನಿರ್ಮಿಸಿದ್ದನ್ನು ತರುವುದು, ಗುಜರಿಯದು. ಒಳ್ಳೆಯ ಕೈ ಸಿಕ್ಕರೆ ಮೊದಲನೆಯದು ಉತ್ತಮ, ಏಕೆಂದರೆ ಏಕೆ ಕೆಟ್ಟಿತೆಂಬುದೂ ತಿಳಿಯುತ್ತದೆ. ಮರುನಿರ್ಮಿತಕ್ಕೆ ವಾರಂಟಿ ಇರುತ್ತದೆ, ಆದರೆ ಹಳೆಯ ಕೂಲರ್ ಕೊಳವೆಗಳನ್ನು ತೊಳೆಸದೆ ಕೂರಿಸಿದರೆ ಹಳೆಯ ಚೂರು ಹೊಸದಕ್ಕೆ ಇಳಿದು ವಾರಂಟಿಯೂ ಹೋಗುತ್ತದೆ. ಗುಜರಿಯದಕ್ಕೆ ಕೂರಿಸುವ ಕೂಲಿ ಅಷ್ಟೇ ಬೀಳುತ್ತದೆ, ಕೆಟ್ಟರೆ ಅದೇ ಕೂಲಿ ಎರಡನೇ ಸಲ.

ಅಗ್ಗದಲ್ಲಿ ತಡೆಯಬಹುದಾದ ದೊಡ್ಡ ಅನಾಹುತವೊಂದಿದೆ. ಕೆಲವು ಗಾಡಿಗಳಲ್ಲಿ ಗೇರ್ ಆಯಿಲ್ ತಂಪುಮಾಡುವ ಕೊಳವೆ ರೇಡಿಯೇಟರಿನ ಒಳಗೇ ಇರುತ್ತದೆ. ಅದು ಬಿರಿದರೆ ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗಿ ಆಯಿಲ್ ಗುಲಾಬಿ ಮಿಲ್ಕ್‌ಶೇಕಿನಂತಾಗುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ. 2005ರಿಂದ 2010ರ ನಿಸ್ಸಾನ್ ಫ್ರಾಂಟಿಯರ್, ಪಾತ್‌ಫೈಂಡರ್, ಎಕ್ಸ್‌ಟೆರಾ ಇದಕ್ಕೆ ಕುಖ್ಯಾತ. ಅಂಥ ಗಾಡಿಯಲ್ಲಿ ರೇಡಿಯೇಟರ್ ಬದಲಿಸುವುದು ಅಥವಾ ಹೊರಗಿನ ಕೂಲರ್ ಹಾಕಿ ಒಳದಾರಿ ತಪ್ಪಿಸುವುದು, ಎರಡೂ ಗೇರ್‌ಬಾಕ್ಸಿನ ಮುಂದೆ ಪುಡಿಕಾಸು.

ಗೇರಿನ ಗಾಡಿಯಾದರೆ ಕ್ಲಚ್ ಪರೀಕ್ಷೆ ಸರಳ: ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತ ಎಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮಾತ್ರ ಏರಿದರೆ ಪ್ಲೇಟು ಸವೆದಿದೆ. ಇದು ಕಣ್ಣಿಟ್ಟು ಓಡಿಸಬಹುದಾದ ದೋಷ. ಕಲಿಯುವವರ ಕಾಲಲ್ಲಿ ಹೊಸ ಕ್ಲಚ್ಚೂ ಬೇಗ ಸವೆಯುತ್ತದೆ, ಹಳೆಯದರಲ್ಲೇ ಕೈ ಕೂರಲಿ, ಆಮೇಲೆ ಹೊಸದು ಹಾಕಿಸಿ. ಡ್ರೈವ್-ರಿವರ್ಸ್ ಬದಲಿಸುವಾಗ "ಟಣ್" ಎಂದರೆ ಯುಜೆ ಕ್ರಾಸ್ (ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಶಾಫ್ಟಿನ ಕೀಲು) ನೋಡಿ. ಅಗ್ಗ, ತಡ ಮಾಡಬೇಡಿ.

ಚಾಸಿಸ್ ತುಕ್ಕು

ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಮೊದಲು ಅಲ್ಲೇ ಅನುಮಾನಿಸಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಗಟ್ಟಿ ಲೋಹ ಠಣ್ ಎನ್ನುತ್ತದೆ, ತಿಂದ ಲೋಹ ದಬ್ ಎನ್ನುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿಸ್ ಕಮಾನಾಗುವ ಜಾಗ, ಲೀಫ್ ಸ್ಪ್ರಿಂಗಿನ ಹ್ಯಾಂಗರ್, ಇಂಧನ ಟ್ಯಾಂಕಿನ ಪಟ್ಟಿ ಇವು ಮೊದಲು ಹೋಗುತ್ತವೆ. ಸ್ಕ್ರೂಡ್ರೈವರ್ ಒತ್ತಿದಾಗ ಒಳಗೆ ಇಳಿದರೆ ಅದು ಮೇಲ್ಪದರದ ತುಕ್ಕಲ್ಲ. ಅಮೆರಿಕದಲ್ಲಿ 2005ರಿಂದ 2010ರ ಟೊಯೋಟಾ ಟಕೋಮಾ ಗಾಡಿಗಳ ಚಾಸಿಸ್ ವಿಚಾರ ಕೋರ್ಟಿನವರೆಗೆ ಹೋಗಿ, ಕಂಪನಿ ಹಾಳಾದವನ್ನು ಬದಲಿಸಿಕೊಡಲು ಒಪ್ಪಿತು. ಒಳ್ಳೆ ಹೆಸರಿನ ಗಾಡಿ ಎಂಬ ಮಾತ್ರಕ್ಕೆ ಅಡಿಗೆ ಬಗ್ಗದೆ ಬಿಡಬಾರದು.

ಮೇಲ್ಪದರದ್ದಾದರೆ ತಂತಿ ಬ್ರಷ್ಷಿನಿಂದ ಕೆರೆದು, ತುಕ್ಕು ತಡೆಯುವ ಲೇಪ ಹಚ್ಚಿ, ಪೊಳ್ಳಿನೊಳಗೆ ಮೇಣದ ಸ್ಪ್ರೇ ಬಿಟ್ಟರೆ ಸಾಕು. ಹ್ಯಾಂಗರ್ ಒಂದೇ ಹೋಗಿದ್ದರೆ ಅದನ್ನು ಕತ್ತರಿಸಿ ಹೊಸದನ್ನು ಬೆಸೆಯಬಹುದು. ಮಾಡುವವರು ಚಾಸಿಸ್ ಕೆಲಸ ಬಲ್ಲವರಾಗಿರಬೇಕು, ಬ್ಯಾಟರಿ ಬಿಚ್ಚಿ, ಹತ್ತಿರದಲ್ಲಿ ಟ್ಯಾಂಕಿದ್ದರೆ ಇಳಿಸಿರಬೇಕು. ತುಕ್ಕಿನ ಮೇಲೇ ತಗಡು ಬೆಸೆಯುವುದು ತೇಪೆಯೂ ಅಲ್ಲ, ಮೋಸ. ಹಲವು ಕಡೆ ತೂತಾಗಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಗಾಡಿ ಮುಗಿಯಿತು.

ಎತ್ತರಿಸಿದ, ದೊಡ್ಡ ಟೈರು ಹಾಕಿದ ಗಾಡಿಯೇ ಮಕ್ಕಳಿಗೆ ಇಷ್ಟವಾಗುತ್ತದೆ, ಅದೇ ಹೆಚ್ಚು ದೋಷ ಅಡಗಿಸಿಕೊಂಡಿರುತ್ತದೆ. ಬ್ರೇಕ್ ಹೋಸು ಬಿಗಿದಿರುತ್ತದೆ, ಯುಜೆ ಕ್ರಾಸ್ ಸೊಟ್ಟ ಕೋನದಲ್ಲಿ ತಿರುಗುತ್ತಿರುತ್ತದೆ, ಬಾಲ್ ಜಾಯಿಂಟಿಗೆ ಭಾರ ಹೆಚ್ಚು, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಉರುಳುವ ಅಪಾಯವೂ ಹೆಚ್ಚು. ಎರಡು ಒಂದೇ ಬಗೆಯ ಗಾಡಿಗಳಿದ್ದರೆ ಕಾರ್ಖಾನೆಯ ಎತ್ತರದಲ್ಲಿರುವುದನ್ನೇ ಆರಿಸಿ, ಮಗು ಮುಖ ಊದಿಸಿಕೊಂಡರೂ ಸರಿ.

ಯಾವ ಭಾಗ ಎಲ್ಲಿಂದ, ಯಾವಾಗ ಸಾಕು

ಬ್ರೇಕು, ಸ್ಟಿಯರಿಂಗ್, ಬಾಲ್ ಜಾಯಿಂಟಿಗೆ ಕಂಪನಿಯದು ಅಥವಾ ಹೆಸರಿರುವ ತಯಾರಕರ ಹೊಸದು ಮಾತ್ರ. ಆಲ್ಟರ್ನೇಟರ್, ಸ್ಟಾರ್ಟರ್ ಮರುನಿರ್ಮಿತವಾದರೂ ನಡೆಯುತ್ತದೆ. ಬಾಗಿಲು, ಕನ್ನಡಿ, ಸೀಟು, ಹಿಂದಿನ ಡೆಕ್ಕಿನ ಬಾಗಿಲು ಗುಜರಿಯಿಂದ ತನ್ನಿ. ಸೆನ್ಸರ್‌ಗಳಲ್ಲಿ ಅತಿ ಅಗ್ಗದ್ದು ಬೇಡ, ಹೊಸ ಕೋಡ್ ತಂದು ದಾರಿ ತಪ್ಪಿಸುತ್ತವೆ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದ ಕೂಡಲೇ ಹೊಸ ಕನ್ವರ್ಟರ್ ಕೊಳ್ಳಬೇಡಿ. ಸೈಲೆನ್ಸರ್ ಪೈಪಿನ ಸೋರಿಕೆ, ಎಂಜಿನ್ ಆಯಿಲ್ ಕುಡಿಯುವುದು ಇವನ್ನು ಮೊದಲು ನೋಡದಿದ್ದರೆ ಹೊಸದೂ ಸಾಯುತ್ತದೆ.

ಆಯಿಲ್ ಕುಡಿಯುವ ಎಂಜಿನ್ನು, 1,000 ಕಿ.ಮೀ.ಗೆ ಅರ್ಧ ಲೀಟರಿನಷ್ಟಾದರೆ, ಬಿಚ್ಚಿಸುವ ಅಗತ್ಯವಿಲ್ಲ. ಪ್ರತಿ ಸಲ ಇಂಧನ ಹಾಕಿಸಿದಾಗ ಡಿಪ್‌ಸ್ಟಿಕ್ ನೋಡುವ ಕೆಲಸವನ್ನು ಓಡಿಸುವವರಿಗೇ ವಹಿಸಿ, ಸೀಟಿನ ಹಿಂದೆ ಒಂದು ಲೀಟರ್ ಆಯಿಲ್ ಇರಲಿ. ಅವರು ಬಾಯಿಪಾಠ ಮಾಡಬೇಕಾದದ್ದು ಮೂರೇ: ಕೆಂಪು ಆಯಿಲ್ ದೀಪ ಹೊತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸುವುದು, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೂ ಹಾಗೆಯೇ, ಚೆಕ್ ಎಂಜಿನ್ ದೀಪ ಮಿಟುಕಿದರೆ ಎಕ್ಸಲರೇಟರ್ ಹಗುರ ಮಾಡಿ ಆದಷ್ಟು ಬೇಗ ನಿಲ್ಲಿಸುವುದು. ಮಿಟುಕದೆ ನಿಂತೇ ಉರಿದರೆ ಮನೆಗೆ ಬಂದು ಹೇಳಿದರೆ ಸಾಕು.

ರಿಪೇರಿ ಗಾಡಿಯ ಬೆಲೆಯ ಅರ್ಧ ಮೀರಿದರೆ ಮಾರಿಬಿಡಿ ಎಂಬ ಮಾತೊಂದಿದೆ. ಅದು ಅರೆಸತ್ಯ. ಮಾರಿ ತರುವ ಇನ್ನೊಂದು ಹಳೆಯ ಗಾಡಿಯೂ ಅಪರಿಚಿತವೇ, ಅದರ ಬ್ರೇಕು, ಬೆಲ್ಟು, ಟೈರಿಗೆ ಮತ್ತೆ ಮೊದಲಿಂದ ಖರ್ಚು. ಚಾಸಿಸ್ ಗಟ್ಟಿಯಿದ್ದು, ದೊಡ್ಡ ದೋಷ ಒಂದೇ ಆಗಿದ್ದರೆ ಅರ್ಧ ಮೀರಿದರೂ ರಿಪೇರಿಯೇ ಗೆಲ್ಲುವುದುಂಟು. ಚಾಸಿಸ್ ಹೋಗಿದ್ದರೆ, ಅಥವಾ ಎಂಜಿನ್ನು-ಗೇರ್‌ಬಾಕ್ಸು ಎರಡೂ ಒಟ್ಟಿಗೆ ಕೈಕೊಡುತ್ತಿದ್ದರೆ ಕೈಬಿಡಿ. ಮಾರುವಾಗ ಕಂಡ ದೋಷಗಳನ್ನು ಬರೆದೇ ಕೊಡಿ. ಚಾಸಿಸ್ ಹೋದ ಗಾಡಿಯನ್ನು ರಸ್ತೆಗೆ ಮಾರದೆ ಬಿಡಿಭಾಗಕ್ಕೆ ಕೊಡಿ. ಒಳ್ಳೆಯ ಎಂಜಿನ್ನು, ಹೊಸ ಟೈರು, ಆಕ್ಸಲ್ ಬೇರೆ ಬೇರೆಯಾಗಿ ಮಾರಿದರೆ ಇಡೀ ಗಾಡಿಗಿಂತ ಹೆಚ್ಚು ಕೈಗೆ ಬರುವುದೂ ಇದೆ.